ದಾರಿ ಮೊದಲು, ಬ್ಯಾಟರಿ ಗಾಡಿ ಆಮೇಲೆ: ಮಲೆನಾಡಿನ ತೋಟಗಳಿಗೆ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟಕ್ಕೆ ಬ್ಯಾಟರಿ ಗಾಡಿ ತಂದವರಲ್ಲಿ ಹಲವರದು ಒಂದೇ ದೂರು. ಅಂಗಳದಲ್ಲಿ ಚೆನ್ನಾಗಿ ಓಡಿದ ಗಾಡಿ ತೋಟದ ಏರಿನಲ್ಲಿ ನಿಂತುಬಿಡುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕೊಟ್ಟಿಗೆಯ ಮೂಲೆ ಸೇರಿ, ಮೇಲೆ ಹಳೆಯ ಗೋಣಿಚೀಲ ಹೊದ್ದಿರುತ್ತದೆ. ಬೈಗುಳ ಮಾತ್ರ ಬ್ಯಾಟರಿಗೆ. ವಿಚಾರಿಸುತ್ತ ಹೋದರೆ ಮೊದಲು ಗಾಡಿ ಕೊಂಡು, ಆಮೇಲೆ ದಾರಿ ನೋಡಿ, ಕಡೆಗೆ ಪ್ಲಗ್ ಎಲ್ಲಿದೆ ಎಂದು ಹುಡುಕಿದ್ದು ಗೊತ್ತಾಗುತ್ತದೆ. ಇಲ್ಲಿರುವ ಹಂತಗಳು ಅದಕ್ಕೆ ತಿರುಗುಮುರುಗು. ಮೊದಲ ಮೂರು ಹಂತ ಮುಗಿಯುವವರೆಗೆ ಯಾರಿಗೂ ಮುಂಗಡ ಕೊಡಬೇಡಿ.

ಮಾತು ಇರುವುದು 200ರಿಂದ 500 ಕೆ.ಜಿ. ಹೊರುವ ಮೂರು ಅಥವಾ ನಾಲ್ಕು ಚಕ್ರದ ಗಾಡಿಗಳ ಬಗ್ಗೆ. ಹಿಂದೆ ನಡೆಯುತ್ತ ಓಡಿಸುವ ಮೋಟಾರು ಕೈಗಾಡಿಗೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ.

ಕೈಗೆ ಸಿಗುವಂತಿರಬೇಕಾದ ಸಾಮಾನು

ತೂಗುವ ತಕ್ಕಡಿ, ಉದ್ದದ ಟೇಪು, ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು, ಟೈರಿನ ಗಾಳಿ ಅಳೆಯುವ ಗೇಜು, ಮಲ್ಟಿಮೀಟರ್. ಇವುಗಳ ಜೊತೆಗೆ ಹಗ್ಗ ಕಟ್ಟಿದ ಎರಡು ಮರದ ಒತ್ತುಗಳು ಬೇಕು. ಚಕ್ರಕ್ಕೆ ಕೊಡಲು ದಾರಿಯಲ್ಲಿ ಕಲ್ಲು ಸಿಗುತ್ತದಲ್ಲ ಎನ್ನಬೇಡಿ. ಬೇಕಾದ ಹೊತ್ತಿಗೆ ಕಲ್ಲು ಸಿಗುವುದಿಲ್ಲ, ಸಿಕ್ಕಿದ್ದು ಉರುಟಾಗಿರುತ್ತದೆ.

ಹಂತ 1: ಹೊರೆಯನ್ನು ತೂಗಿ, ದಿಕ್ಕನ್ನು ಬರೆದಿಡಿ

ಒಂದು ಹೆಡಿಗೆ ಗೊಬ್ಬರ ಎಷ್ಟು ತೂಗುತ್ತದೆ ಎಂದು ಕೇಳಿದರೆ ಹೊತ್ತವನು ಹೆಚ್ಚು ಹೇಳುತ್ತಾನೆ, ಹೊರಿಸಿದವನು ಕಡಿಮೆ ಹೇಳುತ್ತಾನೆ. ತಕ್ಕಡಿಗೆ ಹಾಕಿ ನೋಡಿ. ಹಸಿ ಗೊಬ್ಬರ, ಒಣ ದರಗು (ತರಗೆಲೆ), ಚೀಲ ತುಂಬಿದ ಹಸಿ ಅಡಿಕೆ, ಇವನ್ನು ಬೇರೆಬೇರೆಯಾಗಿ ತೂಗಿ ಬರೆದುಕೊಳ್ಳಿ. 200 ಲೀಟರಿನ ಡ್ರಮ್ ತುಂಬ ಬೋರ್ಡೋ ದ್ರಾವಣ (ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧಿ) ಎಂದರೆ ಡ್ರಮ್ಮಿನ ತೂಕ ಬಿಟ್ಟು 200 ಕೆ.ಜಿ.ಗೂ ಹೆಚ್ಚು. ಅರ್ಧ ತುಂಬಿದ ಡ್ರಮ್ ಹಗುರವಾದರೂ ಹೆಚ್ಚು ಅಪಾಯಕಾರಿ. ತಿರುವಿನಲ್ಲಿ ಒಳಗಿನ ದ್ರಾವಣ ಒಂದು ಕಡೆಗೆ ನುಗ್ಗಿ ಮೂರು ಚಕ್ರದ ಗಾಡಿಯನ್ನು ಮಗುಚಬಲ್ಲದು. ದ್ರಾವಣವನ್ನು ಸಣ್ಣ ಕ್ಯಾನುಗಳಲ್ಲಿ ಬಾಯಿಯವರೆಗೆ ತುಂಬಿ ಒಯ್ಯುವುದು ಕ್ಷೇಮ.

ತೂಕದ ಪಕ್ಕದಲ್ಲೇ ಹೊರೆ ಯಾವ ಕಡೆಗೆ ಹೋಗುತ್ತದೆ ಎಂದೂ ಬರೆಯಿರಿ. ಮನೆ ಮೇಲೆ, ತೋಟ ಕೆಳಗೆ ಇರುವ ಕಡೆ ಗೊಬ್ಬರ ಇಳಿಯುತ್ತದೆ, ಅಡಿಕೆ ಕೊನೆ (ಗೊನೆ) ಹತ್ತುತ್ತದೆ. ಹತ್ತುವ ಹೊರೆ ಮೋಟಾರಿನ ಗಾತ್ರವನ್ನು ನಿರ್ಧರಿಸಿದರೆ ಇಳಿಯುವ ಹೊರೆ ಬ್ರೇಕಿನ ಗಾತ್ರವನ್ನು ನಿರ್ಧರಿಸುತ್ತದೆ. ಗಾಡಿ ಕೊಳ್ಳುವಾಗ ಹೆಚ್ಚಿನವರು ಎರಡನೆಯದನ್ನು ಕೇಳುವುದೇ ಇಲ್ಲ.

ಹಂತ 2: ಏರನ್ನು ಅಳೆಯಿರಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ‘ನಮ್ಮದು ಅಂಥ ಏರೇನಲ್ಲ’ ಎಂದು ಕಣ್ಣಳತೆಯಲ್ಲಿ ಹೇಳಿ ಮುಗಿಸುತ್ತಾರೆ. ಹುಟ್ಟಿದಾಗಿನಿಂದ ಹತ್ತಿಳಿದ ದರೆ (ಕಡಿದಾದ ಮಣ್ಣಿನ ದಿಬ್ಬ) ಯಾರಿಗೂ ಏರು ಎನಿಸುವುದಿಲ್ಲ.

ದಾರಿಯ ಅತ್ಯಂತ ಕಡಿದಾದ ತುಂಡನ್ನು ಆರಿಸಿ. ಏರಿನುದ್ದಕ್ಕೆ, ಮಟ್ಟಸವಾಗಿ ಅಳೆದು ಆರು ಮೀಟರ್ ದೂರಕ್ಕೆ ಎರಡು ಗೂಟ ನೆಟ್ಟು, ಮಟ್ಟದ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿಗಳನ್ನು ಗೂಟಕ್ಕೆ ಹಿಡಿಯಿರಿ. ನೀರಿನ ಗುರುತಿನಿಂದ ನೆಲಕ್ಕಿರುವ ಅಂತರವನ್ನು ಎರಡು ಕಡೆಯೂ ಅಳೆದು ಕಳೆದರೆ ಏರು ಸಿಗುತ್ತದೆ. ವ್ಯತ್ಯಾಸ ಒಂದು ಮೀಟರ್ ಬಂದರೆ ಅದು ಆರಕ್ಕೆ ಒಂದರ ಏರು. ಮೊಬೈಲಿನ ಮಟ್ಟ ನೋಡುವ ಆ್ಯಪ್ ಕೂಡ ಆಗುತ್ತದೆ, ಆದರೆ ಮೊಬೈಲನ್ನು ಉದ್ದದ ನೇರ ಹಲಗೆಯ ಮೇಲಿಟ್ಟು ನೋಡಿ. ಹತ್ತಕ್ಕೆ ಒಂದು ಎಂದರೆ ಸುಮಾರು 5.7 ಡಿಗ್ರಿ, ಎಂಟಕ್ಕೆ ಒಂದು 7.1, ಆರಕ್ಕೆ ಒಂದು 9.5, ಐದಕ್ಕೆ ಒಂದು 11.3.

ಇಡೀ ದಾರಿಯ ಸರಾಸರಿ ತೆಗೆದು ಸಮಾಧಾನಪಟ್ಟುಕೊಳ್ಳಬೇಡಿ. ಗಾಡಿ ನಿಲ್ಲುವುದು ಸರಾಸರಿಯಲ್ಲಿ ಅಲ್ಲ, ದಣಪೆಯ (ಬೇಲಿಯ ಬಾಗಿಲಿನ) ಪಕ್ಕದ ಆ ಮೂರು ಮಾರು ದರೆಯಲ್ಲಿ.

ಇನ್ನು ಲೆಕ್ಕ. ಗಾಡಿ, ಹೊರೆ, ಓಡಿಸುವವರು ಸೇರಿ 600 ಕೆ.ಜಿ. ಎಂದುಕೊಳ್ಳಿ. ಆರಕ್ಕೆ ಒಂದರ ಮಣ್ಣಿನ ಏರನ್ನು ಗಂಟೆಗೆ 5 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರಕ್ಕೆ ಸುಮಾರು 1.8 ಕಿಲೊವಾಟ್ ಶಕ್ತಿ ಬೇಕು. ಅದೇ ಏರನ್ನು 10 ಕಿ.ಮೀ. ವೇಗದಲ್ಲಿ ಹತ್ತುತ್ತೇನೆ ಎಂದರೆ ಅದು ಇಮ್ಮಡಿಯಾಗುತ್ತದೆ. ಮೋಟಾರಿನಲ್ಲಿ, ತಂತಿಯಲ್ಲಿ ಆಗುವ ನಷ್ಟ ಬೇರೆ. 48 ವೋಲ್ಟಿನ ಗಾಡಿಯಲ್ಲಿ ನಿಧಾನದ ಏರಿಗೆ 50 ಆಂಪಿಯರ್, ಅವಸರದ ಏರಿಗೆ 100 ಆಂಪಿಯರ್ ಹರಿಯುತ್ತದೆ. ‘1,000 ವಾಟ್, ಎಲ್ಲಿ ಬೇಕಾದರೂ ಹತ್ತುತ್ತದೆ’ ಎಂದು ಹೇಳಿ ಮಾರುವ ಗಾಡಿ ಸುಡುವುದು ಏಕೆ ಎಂದು ಬೇರೆ ಹೇಳಬೇಕಿಲ್ಲ.

ಹತ್ತಕ್ಕೆ ಒಂದರವರೆಗಿನ ಏರಿನಲ್ಲಿ ನೆಮ್ಮದಿಯಾಗಿ ಹೊರೆ ಸಾಗಿಸಬಹುದು. ಎಂಟಕ್ಕೆ ಒಂದು ಇದ್ದರೆ ಗಟ್ಟಿ ನೆಲ ಬೇಕು. ಆರಕ್ಕೆ ಒಂದು ಇರುವಲ್ಲಿ ಅರ್ಧ ಹೊರೆ, ಒಣ ದಿನ, ಚಿಕ್ಕ ದೂರ. ಅದಕ್ಕೂ ಕಡಿದಾದರೆ ದಾರಿಯನ್ನು ಸುತ್ತು ಹಾಕಿಸಿ. ಸುತ್ತು ಹಾಕಲು ಜಾಗವಿಲ್ಲದಿದ್ದರೆ ಆ ತುಂಡಿಗೆ ಗಾಡಿಯ ಆಸೆ ಬಿಡಿ.

ಹಂತ 3: ದಾರಿ ಮಾಡಿ

ಅಡಿಕೆಗೆ ಸಾಮಾನ್ಯವಾಗಿ ಹೇಳುವ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಹಳೆಯ ತೋಟಗಳಲ್ಲಿ ಅಷ್ಟೂ ಇರುವುದಿಲ್ಲ, ನಡುವೆ ಬಸಿಗಾಲುವೆ ಬೇರೆ. ಹಾಗಾಗಿ ಪ್ರತಿ ಸಾಲಿನೊಳಗೂ ಗಾಡಿ ನುಗ್ಗಿಸುವ ಯೋಚನೆ ಬೇಡ. ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಬುಡದ ಸುತ್ತ ಮೇಲುಮಣ್ಣಿನಲ್ಲೇ ಹರಡಿರುತ್ತವೆ. ಹಸಿ ನೆಲದಲ್ಲಿ ಚಕ್ರ ಹಾಯುತ್ತಿದ್ದರೆ ಮಣ್ಣು ಗಟ್ಟಿಯಾಗಿ ನೀರು ಬಸಿಯುವುದು ನಿಲ್ಲುತ್ತದೆ. ತೋಟದ ತಲೆಯ ಕಡೆಗೊಂದು ಮುಖ್ಯ ದಾರಿ, ಅಗತ್ಯವಿದ್ದರೆ ಮಧ್ಯೆ ಒಂದು ಅಡ್ಡ ದಾರಿ, ಇಷ್ಟು ಸಾಕು. ಸಾಲಿನಿಂದ ದಾರಿಯವರೆಗೆ ತಲೆಹೊರೆ ಇದ್ದೇ ಇರುತ್ತದೆ. ಗಾಡಿ ತಪ್ಪಿಸುವುದು ಅಲ್ಲಿಂದ ಅಂಗಳದವರೆಗಿನ ಏರುದಾರಿಯ ಹೊರೆಯನ್ನು.

ದಾರಿ ಕೆಲಸ ಬೇಸಿಗೆಯದ್ದಾದರೂ ಅದರ ನಕ್ಷೆ ಹಾಕುವುದು ಮಳೆಗಾಲದಲ್ಲೇ. ಜೋರು ಮಳೆಯಲ್ಲಿ ಕೊಡೆ ಹಿಡಿದು ದಾರಿಯುದ್ದಕ್ಕೂ ನಡೆಯಿರಿ. ನೀರು ಎಲ್ಲಿ ದಾರಿಗೆ ಇಳಿಯುತ್ತದೆ, ಎಲ್ಲಿ ಕೊರೆಯುತ್ತದೆ ಎಂಬಲ್ಲಿ ಗೂಟ ಹೊಡೆದಿಡಿ. ಆ ಜಾಗಗಳಲ್ಲಿ ಓರೆಯಾಗಿ ಅಡ್ಡಚರಂಡಿ ಕೊಟ್ಟು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಚಕ್ರ ಹಾಯುವ ಎರಡು ಪಟ್ಟಿಗಳಿಗೆ ಮಾತ್ರ ಕಲ್ಲು ಅಥವಾ ಕಾಂಕ್ರೀಟು ಹಾಕಿ ಮಧ್ಯ ಹುಲ್ಲು ಬಿಟ್ಟರೆ ಖರ್ಚೂ ಕಡಿಮೆ, ಕೊರೆತವೂ ಕಡಿಮೆ. ಕಾಂಕ್ರೀಟನ್ನು ನುಣ್ಣಗೆ ಎಳೆಸಬೇಡಿ, ಅಡ್ಡಗೆರೆ ಎಳೆಸಿ. ಜಂಬಿಟ್ಟಿಗೆ ಕಲ್ಲು ಹಾಸಿದವರು ವರ್ಷಕ್ಕೊಮ್ಮೆ ಪಾಚಿ ಕೆರೆಯಲೇಬೇಕು.

ಸಂಕಗಳ (ಕಾಲುವೆ ದಾಟುವ ಕಿರುಸೇತುವೆಗಳ) ವಿಷಯದಲ್ಲಿ ರಾಜಿ ಬೇಡ. ಅಡಿಕೆ ಮರ ಸೀಳಿ ಹಾಕಿದ ಸಂಕ ಮನುಷ್ಯರಿಗೆ ಸಾಕು, 600 ಕೆ.ಜಿ.ಗೆ ಅಲ್ಲ. ಸಣ್ಣ ಕಾಲುವೆಗೆ ಸಿಮೆಂಟ್ ಪೈಪು ಹೂತು ಮೇಲೆ ಮಣ್ಣು ತುಂಬಿ, ದೊಡ್ಡದಕ್ಕೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಹಲಗೆ ಹಾಕಿಸಿ. ದಾರಿಯ ತುದಿಯಲ್ಲಿ ಗಾಡಿ ತಿರುಗಿಸಲು ಒಂದು ಜಾಗ ಬೇಕು. ಅದಿಲ್ಲದೆ ಹೊರೆ ಹೊತ್ತು ಹಿಂದೆ ಹಿಂದೆ ಏರು ಹತ್ತಿಸಬೇಕಾಗಿ ಬಂದ ತೋಟಗಳಿವೆ.

ಹಂತ 4: ಈಗ ಗಾಡಿ ನೋಡಿ

ಮೋಟಾರು ಚಕ್ರದೊಳಗೇ ಇರುವ ಗಾಡಿ ಮಟ್ಟಸ ನೆಲಕ್ಕೆ ಸರಿ. ಏರಿಗೆ ಗೇರಿನ ಮೂಲಕ ಹಿಂದಿನ ಎರಡೂ ಚಕ್ರಗಳಿಗೆ ಬಲ ಕೊಡುವುದು ಬೇಕು. ಮುಂದಿನ ಒಂಟಿ ಚಕ್ರದಲ್ಲಿ ಮಾತ್ರ ಮೋಟಾರಿದ್ದರೆ ಏರಿನಲ್ಲಿ ಹೊರೆಯ ಭಾರವೆಲ್ಲ ಹಿಂದಕ್ಕೆ ಸರಿದು ಮುಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ಮಾರುವವರು ಹೇಳುವ ವಾಟ್ ಸಂಖ್ಯೆ ನಿರಂತರದ್ದೋ ಕ್ಷಣಿಕ ಗರಿಷ್ಠದ್ದೋ ಎಂದು ಕೇಳಿ. ನಿಮಗೆ ಬೇಕಾದದ್ದು ನಿರಂತರದ್ದು.

ಬ್ಯಾಟರಿಯಲ್ಲಿ ಎರಡು ದಾರಿ. 48 ವೋಲ್ಟ್, 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ 4.8 ಯೂನಿಟ್ ಇದ್ದರೂ ಬಾಳಿಕೆ ಬೇಕೆಂದರೆ ಅರ್ಧದಷ್ಟನ್ನೇ ಬಳಸಬೇಕು. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ 80 ಭಾಗ ಬಳಸಬಹುದು, ತೂಕವೂ ಅರ್ಧಕ್ಕಿಂತ ಕಡಿಮೆ. 300 ಮೀಟರ್ ದಾರಿ, 30 ಮೀಟರ್ ಏರು, ಒಟ್ಟು 600 ಕೆ.ಜಿ. ಎಂದಿಟ್ಟುಕೊಂಡರೆ ಒಂದು ಸಲ ಇಳಿದು ಹತ್ತಲು ಅಂದಾಜು 0.15 ಯೂನಿಟ್ ಸಾಕು. ಅಂದರೆ ಸೀಸದ್ದರಲ್ಲಿ 16 ಸಲ, ಲಿಥಿಯಂನಲ್ಲಿ 25 ಸಲ. ಒಬ್ಬ ಕೊನೆಗಾರ (ಮರದಿಂದ ಅಡಿಕೆ ಕೊನೆ ತೆಗೆಯುವವನು) ಇಳಿಸಿದ ಕೊನೆಯನ್ನು ಸಾಗಿಸಲು ಇದು ಧಾರಾಳ. ಆದ್ದರಿಂದ ‘ಒಂದು ಚಾರ್ಜಿಗೆ ಎಷ್ಟು ಕಿ.ಮೀ.’ ಎಂಬ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಏರಿನಲ್ಲಿ ಎಷ್ಟು ಹೊತ್ತು ಬಿಸಿಯಾಗದೆ ಎಳೆಯುತ್ತದೆ ಎಂದು ಕೇಳಿ.

ಬ್ರೇಕು ಎಲ್ಲ ಹಿಂದಿನ ಚಕ್ರಗಳಿಗೂ ಇರಬೇಕು, ಕೈಬ್ರೇಕು ಪೂರ್ತಿ ಹೊರೆಯನ್ನು ನಿಮ್ಮ ಅತಿ ಕಡಿದಾದ ತುಂಡಿನಲ್ಲಿ ಹಿಡಿದು ನಿಲ್ಲಿಸಬೇಕು. ಕೊಳ್ಳುವ ಮುನ್ನ ನಿಮ್ಮ ತೋಟದಲ್ಲೇ ಸಿಮೆಂಟ್ ಚೀಲ ಹೇರಿ ತೋರಿಸಲು ಹೇಳಿ. ಒಂದು ಚೀಲ 50 ಕೆ.ಜಿ., ಲೆಕ್ಕ ಸುಲಭ. ಒಪ್ಪದವರ ಗಾಡಿ ಬೇಡ.

ಊರ ರಸ್ತೆಗೂ ಇಳಿಸುವವರು ಗಮನಿಸಿ. ತೋಟದ ಬೇಲಿಯೊಳಗೆ ಏನನ್ನೇ ಓಡಿಸಿದರೂ, ಸಾರ್ವಜನಿಕ ರಸ್ತೆಯಲ್ಲಿ ಇಂಥ ಸಾಮಾನಿನ ಗಾಡಿಗೆ ನೋಂದಣಿ, ವಿಮೆ, ಓಡಿಸುವವರಿಗೆ ಚಾಲನಾ ಪರವಾನಗಿ ಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದಕ್ಕೆ ನೋಂದಣಿ ಸಿಗುವುದು ಕಷ್ಟ.

ಹಂತ 5: ಚಾರ್ಜಿಂಗ್ ಜಾಗ

48 ವೋಲ್ಟ್, 20 ಆಂಪಿಯರಿನ ಚಾರ್ಜರು ಗೋಡೆಯಿಂದ ಸುಮಾರು 5 ಆಂಪಿಯರ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಕೊಟ್ಟಿಗೆಯ ಬಲ್ಬಿನ ಹೋಲ್ಡರಿನಿಂದ ಎಳೆದ ಸಣ್ಣ ತಂತಿ ಇದಕ್ಕೆ ಆಗದು. ಮೀಟರ್ ಬೋರ್ಡಿನಿಂದ ಪ್ರತ್ಯೇಕ 2.5 ಚದರ ಮಿ.ಮೀ. ತಾಮ್ರದ ತಂತಿ, 16 ಆಂಪಿಯರಿನ ಮೂರು ಪಿನ್ನಿನ ಸಾಕೆಟ್, ಎಂ.ಸಿ.ಬಿ. (ವಿದ್ಯುತ್ತು ಮಿತಿ ಮೀರಿದರೆ ತಾನೇ ಆರುವ ಸ್ವಿಚ್), 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. (ವಿದ್ಯುತ್ತು ಸೋರಿದರೆ ತಾನೇ ಆರುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಒದ್ದೆ ಕಾಲಲ್ಲಿ ಕಬ್ಬಿಣದ ಗಾಡಿ ಮುಟ್ಟುವ ಜಾಗವಿದು, ಆರ್.ಸಿ.ಸಿ.ಬಿ. ಉಳಿಸಲು ಹೋಗಬೇಡಿ.

ಪಂಪ್‌ಸೆಟ್ಟಿನ ಸಂಪರ್ಕದಿಂದ ಚಾರ್ಜ್ ಮಾಡಬೇಡಿ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತವಾಗಿ ಕೊಡುವ ವಿದ್ಯುತ್ತು ನೀರೆತ್ತಲು ಮಾತ್ರ. ಮನೆಯ ಮೀಟರಿನಿಂದ ಮಾಡುವವರು ಗೃಹಜ್ಯೋತಿಯ (ಮನೆಗಳಿಗೆ ಉಚಿತ ವಿದ್ಯುತ್ತಿನ ಯೋಜನೆಯ) ಲೆಕ್ಕವನ್ನೂ ನೋಡಿಕೊಳ್ಳಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಅಡಿಕೆ ಕೊಯ್ಲಿನ ತಿಂಗಳಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು.

ಜಾಗ ಆರಿಸುವಾಗ ಅಡಿಕೆ ಬೇಯಿಸುವ ಒಲೆ, ಸಿಪ್ಪೆಯ ರಾಶಿ, ಹುಲ್ಲಿನ ಗೊಣಬೆ ದೂರವಿರಲಿ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೊರಬರುವ ಜಲಜನಕ ಕಿಡಿ ತಾಗಿದರೆ ಸಿಡಿಯುತ್ತದೆ. ಗಾಳಿ ಆಡಬೇಕು. ಅದಕ್ಕೆ ಹಾಕುವುದು ಡಿಸ್ಟಿಲ್ಡ್ ನೀರು ಮಾತ್ರ, ಚಾರ್ಜ್ ಮುಗಿದ ಮೇಲೆ. ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ. ಏರು ಹತ್ತಿ ಬಂದ ಕೂಡಲೇ ಪ್ಲಗ್ ಚುಚ್ಚದೆ ಅರ್ಧ ಗಂಟೆ ಆರಲು ಬಿಡಿ. ಮಳೆಗಾಲಕ್ಕೆ ಮುಂಚಿನ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತೇ ಇಡಿ, ಸ್ವಿಚ್ ಆರಿಸಿದರೆ ಸಾಲದು.

ಹಂತ 6: ಮೊದಲ ಓಟ

ಖಾಲಿ ಗಾಡಿಯನ್ನು ಮಟ್ಟಸ ಜಾಗದಲ್ಲಿ, ಆಮೇಲೆ ಖಾಲಿಯಾಗಿಯೇ ಏರಿನಲ್ಲಿ, ಆಮೇಲೆ ಕಾಲು ಹೊರೆ, ಅರ್ಧ, ಪೂರ್ತಿ. ಪ್ರತಿ ಸಲವೂ ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಹತ್ತಿದ ಮೇಲೆ ಮೋಟಾರಿನ ಹೊರಮೈಯ ಹತ್ತಿರ ಅಂಗೈ ಹಿಡಿಯಿರಿ. ಕೈ ಹಿಡಿಯಲಾಗದಷ್ಟು ಕಾವಿದ್ದರೆ ಹೊರೆ ಇಳಿಸಿ.

ಪೆಟ್ರೋಲ್ ಗಾಡಿ ಓಡಿಸಿ ಅಭ್ಯಾಸವಾದವರು ಮೂರು ಚಟ ಬಿಡಬೇಕು.

ಇಳಿಜಾರಿನಲ್ಲಿ ಕೀಲಿ ಆರಿಸಿ ಉರುಳಿಸುವುದು ಮೊದಲನೆಯದು. ಇಳಿಯುವಾಗ ಮೋಟಾರು ತಾನೇ ತಡೆ ಹಿಡಿದು ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತು ಮರಳಿಸುವ ವ್ಯವಸ್ಥೆ ಹಲವು ಗಾಡಿಗಳಲ್ಲಿದೆ. ಕೀಲಿ ಆರಿಸಿದರೆ ಆ ತಡೆಯೂ ಹೋಗುತ್ತದೆ, ಹಾರ್ನೂ ಹೋಗುತ್ತದೆ.

ಏರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿ ಹಿಡಿದೇ ಗಾಡಿಯನ್ನು ನಿಲ್ಲಿಸಿಕೊಳ್ಳುವುದು ಎರಡನೆಯದು. ತಿರುಗದೆ ನಿಂತ ಮೋಟಾರಿಗೆ ಹರಿಯುವ ವಿದ್ಯುತ್ತೆಲ್ಲ ಕಾವಾಗುತ್ತದೆ. ಬ್ರೇಕು ಹಿಡಿಯಿರಿ. ಮೂರನೆಯದು, ಗಾಡಿ ಪೂರ್ತಿ ನಿಲ್ಲುವ ಮುಂಚೆ ರಿವರ್ಸ್ ಸ್ವಿಚ್ ಒತ್ತುವುದು. ಕಂಟ್ರೋಲರು (ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹಿಡಿತದಲ್ಲಿಡುವ ಭಾಗ) ಸುಡುವ ಸುಲಭದ ದಾರಿ ಇದು.

ಒಂದು ಎಚ್ಚರಿಕೆ ಮಾರುವವರು ಹೇಳುವುದು ಅಪರೂಪ. ರಾತ್ರಿಯೆಲ್ಲ ಚಾರ್ಜ್ ಆಗಿ ತುಂಬಿದ ಬ್ಯಾಟರಿಗೆ ಮರಳಿಸುವ ವಿದ್ಯುತ್ತನ್ನು ತೆಗೆದುಕೊಳ್ಳಲು ಜಾಗವೇ ಇರುವುದಿಲ್ಲ, ಹಾಗಾಗಿ ಮೋಟಾರಿನ ತಡೆ ಕೆಲಸ ಮಾಡದೇ ಹೋಗಬಹುದು. ಬೆಳಗ್ಗೆ ಗೊಬ್ಬರ ಹೇರಿ ಮೊದಲ ಸಲ ಇಳಿಯುವಾಗ ನಿನ್ನೆ ಸಂಜೆಗಿಂತ ಗಾಡಿ ಹೆಚ್ಚು ಜಾರುತ್ತಿದೆ ಎನಿಸುವುದು ಇದಕ್ಕೇ. ಮೊದಲ ಇಳಿತ ಅರ್ಧ ಹೊರೆಯಲ್ಲಿರಲಿ, ಕಾಲು ಬ್ರೇಕಿನ ಮೇಲಿರಲಿ. ಮನೆ ಮೇಲಿರುವವರು ನೂರಕ್ಕೆ 90 ಭಾಗಕ್ಕೇ ಚಾರ್ಜ್ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಇದು ಲಿಥಿಯಂ ಗಾಡಿಗೆ ಹೇಳಿದ್ದು, ಸೀಸದ್ದನ್ನು ಪೂರ್ತಿ ತುಂಬಿಸಲೇಬೇಕು.

ನಿಲ್ಲಿಸುವಾಗ ಮುಂಚಕ್ರವನ್ನು ದರೆಯ ಕಡೆಗೆ ತಿರುಗಿಸಿ, ಕೈಬ್ರೇಕು ಎಳೆದು, ಒತ್ತು ಕೊಟ್ಟು, ಕೀಲಿ ಕಿತ್ತುಕೊಳ್ಳಿ. ಹೊರೆ ಇಳಿಸುವುದು ಆಮೇಲೆ.

ಹಂತ 7: ಸದ್ದಿಲ್ಲದ ಗಾಡಿಗೆ ಸದ್ದು ಕೊಡಿ

ಟಿಲ್ಲರಿನ ಗಡಗಡ ಸದ್ದು ತಪ್ಪಿದ್ದಕ್ಕೆ ಖುಷಿಪಡುವ ಮೊದಲು ಆ ಸದ್ದು ಏನು ಕೆಲಸ ಮಾಡುತ್ತಿತ್ತು ಎಂದು ಯೋಚಿಸಿ. ತಲೆಯ ಮೇಲೆ ಸೊಪ್ಪಿನ ಹೊರೆ ಇರುವವರಿಗೆ ಹಿಂದಿನದು ಕಾಣುವುದಿಲ್ಲ. ಮಳೆಯ ದಿನ ಕಂಬಳಿಕೊಪ್ಪೆ, ಪ್ಲಾಸ್ಟಿಕ್ ಹೊದ್ದವರಿಗೆ ಕೇಳುವುದೂ ಇಲ್ಲ. ಕಾರ್ಬನ್ ಫೈಬರ್ ದೋಟಿಯಲ್ಲಿ ಕೊನೆ ತೆಗೆಯುವವನ ಕಣ್ಣೆಲ್ಲ ಮೇಲಿರುತ್ತದೆ, ಅವನು ಒಂದು ಹೆಜ್ಜೆ ಹಿಂದಿಡುವ ಜಾಗಕ್ಕೆ ನಿಮ್ಮ ಗಾಡಿ ಬಂದಿರುತ್ತದೆ.

ಅಗ್ಗದ, ಕೆಡದ ಉಪಾಯವೆಂದರೆ ದನದ ದೊಡ್ಡ ಗಂಟೆಯೊಂದನ್ನು ಗಾಡಿಯ ಮುಂಭಾಗಕ್ಕೆ ಕಟ್ಟುವುದು. ಗಾಡಿ ಅಲುಗಿದಾಗೆಲ್ಲ ಅದು ಬಡಿದುಕೊಳ್ಳುತ್ತದೆ, ಸ್ವಿಚ್ ಒತ್ತಲು ಮರೆಯುವ ಪ್ರಶ್ನೆಯಿಲ್ಲ. ರಿವರ್ಸ್ ತೆಗೆಯುವಾಗ ಕೂಗುವ ಬಜರು ಬೇರೆ ಹಾಕಿಸಿ. ಕೊನೆ ತೆಗೆಯುವ ಮರದಿಂದ ಕನಿಷ್ಠ ಎರಡು ಸಾಲು ಆಚೆಯೇ ನಿಲ್ಲಿ, ಕರೆದ ಮೇಲೆ ಮುಂದೆ ಹೋಗಿ.

ಕಾಡಂಚಿನ ತೋಟದವರಿಗೆ ಇನ್ನೊಂದು ಮಾತು. ಮುಂಜಾನೆ, ಸಂಜೆ ಹೊತ್ತಿನಲ್ಲಿ ತಿರುವಿನಾಚೆ ಮೇಯುತ್ತಿರುವ ಕಾಡುಕೋಣಕ್ಕೆ ನೀವು ಬರುವುದು ತಿಳಿಯುವುದಿಲ್ಲ. ಹತ್ತಿರದಿಂದ ದಿಢೀರನೆ ಕಂಡರೆ ಅದು ಓಡುವ ದಿಕ್ಕು ನಿಮ್ಮ ಕಡೆಗೂ ಆಗಬಹುದು. ತಿರುವಿಗೆ ಮುಂಚೆಯೇ ನಿಂತು ಹಾರ್ನ್ ಮಾಡಿ, ಸ್ವಲ್ಪ ಕಾದು ಹೊರಡಿ.

ಸದ್ದಿಲ್ಲದ್ದರಿಂದ ಗಾಡಿ ಚಾಲೂ ಇದೆಯೋ ಆರಿದೆಯೋ ತಿಳಿಯದು. ಹತ್ತಿ ಕುಳಿತ ಮಗು ಆ್ಯಕ್ಸಿಲರೇಟರ್ ತಿರುವಿದರೆ ಗಾಡಿ ಹೊರಟೇಬಿಡುತ್ತದೆ. ಕೀಲಿ ಸದಾ ಜೇಬಿನಲ್ಲಿ.

ಹಂತ 8: ಮಳೆಗಾಲ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಗಾಡಿಯ ಭಾಗಗಳ ಮೇಲೆ ಐಪಿ67 ಎಂಬ ಗುರುತಿದ್ದರೆ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಆ ಪರೀಕ್ಷೆ ಹೊಸ ರಬ್ಬರಿನಲ್ಲಿ ನಡೆದದ್ದು. ಕೆಮ್ಮಣ್ಣಿನ ಕೆಸರು, ವರ್ಷಗಟ್ಟಲೆ ಅಲುಗಾಟ ಅದರಲ್ಲಿಲ್ಲ. ಹಳ್ಳ ಹಾಯುವಾಗ ನೀರು ಚಕ್ರದ ಅಚ್ಚಿಗಿಂತ ಕೆಳಗಿರಬೇಕು. ಪ್ರೆಶರ್ ಪಂಪಿನಿಂದ ತೊಳೆಯಬೇಡಿ, ಬಕೆಟ್ ನೀರು ಮತ್ತು ಬ್ರಷ್ ಸಾಕು.

ಔಷಧಿ ಹೊಡೆಯುವ ದಿನಗಳಲ್ಲಿ ಹೆಚ್ಚು ಜಾಗ್ರತೆ ಬೇಕು. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ ಹಾಕಿದ ಬೋರ್ಡೋ ದ್ರಾವಣ ಚೆಲ್ಲಿದಲ್ಲೆಲ್ಲ ಕಬ್ಬಿಣವನ್ನೂ ಅಲ್ಯೂಮಿನಿಯಂ ಜೋಡಣೆಯನ್ನೂ ತಿನ್ನುತ್ತದೆ. ಹೇರುವ ಮುನ್ನ ತಟ್ಟೆಗೆ ಟಾರ್ಪಾಲು ಹಾಸಿ, ಅದೇ ದಿನ ಸಂಜೆ ತೊಳೆದು ಒರೆಸಿ. ಮಳೆಗಾಲಕ್ಕೆ ಮುಂಚೆ ಎಲ್ಲ ಕನೆಕ್ಟರುಗಳನ್ನು ಬಿಚ್ಚಿ, ಒಣಗಿಸಿ, ವಿದ್ಯುತ್ ಜೋಡಣೆಗೆಂದೇ ಬರುವ ಗ್ರೀಸು ಸವರಿ ಮತ್ತೆ ಹಾಕಿ. ಬ್ಯಾಟರಿಯ ಮುಖ್ಯ ಸ್ವಿಚ್ ಆರಿಸದೆ ಇದಕ್ಕೆ ಕೈ ಹಾಕಬೇಡಿ.

ಗಾಡಿಗೆ ಕೆಲಸವಿಲ್ಲದ ವಾರಗಳಲ್ಲಿ ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿಡಿ, ಸೀಸದ್ದನ್ನು ಪೂರ್ತಿ ಚಾರ್ಜಿನಲ್ಲಿಡಿ. ಅದಲುಬದಲಾದರೆ ಎರಡೂ ಬೇಗ ಕೆಡುತ್ತವೆ. ಮರ ಬಿದ್ದು ನಾಲ್ಕು ದಿನ ಕರೆಂಟ್ ಹೋದಾಗ ಮನೆಯ ಸಣ್ಣ ಯು.ಪಿ.ಎಸ್.ಗೆ ಚಾರ್ಜರು ಜೋಡಿಸಬೇಡಿ, ಅದಕ್ಕೆ ಅಷ್ಟು ಶಕ್ತಿಯಿಲ್ಲ. ಇಲಿಗೆ ತಂತಿಯ ಮೇಲೆ ವಿಶೇಷ ಪ್ರೀತಿ. ಗಾಡಿಯ ಬಳಿ ಭತ್ತ, ಹಿಂಡಿ ಇಡಬೇಡಿ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಲಿಥಿಯಂ ಬ್ಯಾಟರಿಯ ಪೆಟ್ಟಿಗೆ ಉಬ್ಬಿದರೆ, ಸುಮ್ಮನೆ ನಿಂತಾಗಲೂ ಬಿಸಿಯಿದ್ದರೆ, ಸಿಹಿಯಾದ ಘಾಟು ವಾಸನೆ ಬಂದರೆ ಚಾರ್ಜಿಗೆ ಹಾಕಬೇಡಿ. ಸಾಧ್ಯವಾದರೆ ಗಾಡಿಯನ್ನು ಬಯಲಿಗೆ ತಳ್ಳಿ. ಹೊಗೆ ಕಂಡರೆ ತಳ್ಳುವ ಸಾಹಸವೂ ಬೇಡ. ಆ ಹೊಗೆ ವಿಷ. ಜನ, ದನಗಳನ್ನು ದೂರ ಕಳಿಸಿ 112ಕ್ಕೆ ಕರೆ ಮಾಡಿ.

ಪ್ಲಗ್ಗಿನ ಪಿನ್ನು ಕಂದಿದ್ದರೆ ಅಥವಾ ಸಾಕೆಟ್ ಮುಟ್ಟಿದರೆ ಸುಡುವಂತಿದ್ದರೆ ಎರಡನ್ನೂ ಬದಲಿಸಿ, ಒಂದನ್ನೇ ಬದಲಿಸಿದರೆ ಮತ್ತೆ ಸುಡುತ್ತದೆ. ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಅದನ್ನು ಬೈಪಾಸ್ ಮಾಡಿಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ನನ್ನು ಗಾಡಿಯ ಹತ್ತಿರ ಬಿಟ್ಟುಕೊಳ್ಳಬೇಡಿ.

ಹಿಂದೆ ಹತ್ತುತ್ತಿದ್ದ ಏರಿನಲ್ಲಿ ಈಗ ಏದುಸಿರು ಬಿಡುತ್ತಿದ್ದರೆ ಬ್ಯಾಟರಿ ಸತ್ತಿತೆಂದು ತೀರ್ಮಾನಿಸುವ ಮುನ್ನ ಟೈರಿನ ಗಾಳಿ ನೋಡಿ. ಆಮೇಲೆ ಗಾಡಿಯ ಹಿಂಭಾಗವನ್ನು ಜಾಕಿನಲ್ಲಿ ಎತ್ತಿ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ. ಕೆಸರು ತುಂಬಿ ಬ್ರೇಕು ಕಚ್ಚಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬ್ಯಾಟರಿಯ ವೋಲ್ಟೇಜನ್ನು ಅಳೆಯುವುದು ಕಡೆಗೆ, ಅದೂ ಗಾಡಿ ಏರು ಎಳೆಯುತ್ತಿರುವಾಗ. ನಿಂತ ಗಾಡಿಯಲ್ಲಿ ಕೆಟ್ಟ ಬ್ಯಾಟರಿಯೂ ಸರಿಯಾದ ವೋಲ್ಟೇಜನ್ನೇ ತೋರಿಸಬಹುದು.